ಎರಡಾದದ್ದು ಅಚ್ಚೋ, ಒತ್ತೋ? ನಾಣ್ಯದ ತಪ್ಪುಗಳಿಗೆ ಕನ್ನಡ ಪದಗಳು

ಬಳಗದವರಿಗೆ ನಮಸ್ಕಾರ.

ನಮ್ಮ ಬೀದಿಯಲ್ಲಿರುವ ನಿವೃತ್ತ ಬ್ಯಾಂಕ್ ಕ್ಯಾಷಿಯರ್ ಒಬ್ಬರು ಟಂಕಸಾಲೆಯಲ್ಲೇ ಕೆಟ್ಟು ಹೊರಬಿದ್ದ ನಾಣ್ಯಗಳನ್ನು ಬಹಳ ವರ್ಷಗಳಿಂದ ಕೂಡಿಡುತ್ತಿದ್ದಾರೆ. ಶಾಲೆಯೊಂದರ ಪ್ರದರ್ಶನದಲ್ಲಿ ಅವನ್ನು ಇಡಲಿದ್ದಾರೆ. ಪಕ್ಕಕ್ಕೆ ಅಂಟಿಸುವ ಚೀಟಿಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಸಂಜೆಯ ಕೆಲಸ ಎಂದುಕೊಂಡು ಕೂತವನು ಮೂರನೆಯ ಚೀಟಿಯಲ್ಲೇ ಸಿಕ್ಕಿಬಿದ್ದೆ.

ಸಿಕ್ಕಿಸಿದ ಪದ ‘ಅಚ್ಚು’. ನಾಣ್ಯ ಹೊಡೆಯುವ ಉಕ್ಕಿನ ಸಾಧನವೂ ಅಚ್ಚು, ಅದು ಮೂಡಿಸಿದ ಗುರುತೂ ಅಚ್ಚು. (ಬೆಲ್ಲದ ಅಚ್ಚನ್ನೂ ಗಾಡಿಯ ಅಚ್ಚನ್ನೂ ಸದ್ಯಕ್ಕೆ ಬಿಡೋಣ.) ದಿನದ ಮಾತಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ನಾಣ್ಯದ ತಪ್ಪನ್ನು ಗುರುತಿಸುವವರಿಗೆ ಮಾತ್ರ ಈ ಎರಡನ್ನೂ ಬೇರ್ಪಡಿಸದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಅಮೆರಿಕದ 1955ರ ಒಂದು ಸೆಂಟ್ ನಾಣ್ಯವನ್ನು ನೋಡಿ. ಅದರ ಒಂದು ಬಗೆಯಲ್ಲಿ ಇಸವಿಯೂ ಅಕ್ಷರಗಳೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಹಾಗೆಂದು ನಾಣ್ಯಕ್ಕೆ ಎರಡು ಏಟು ಬಿದ್ದದ್ದಲ್ಲ. ಅಚ್ಚನ್ನು ತಯಾರಿಸುವಾಗಲೇ ಅದರ ಮೇಲೆ ಚಿತ್ರ ಎರಡು ಸಲ, ತುಸು ತಿರುಗಿ ಕೂತಿತ್ತು. ಆ ಅಚ್ಚಿನಿಂದ ಬಂದ ನಾಣ್ಯಗಳೆಲ್ಲ ಒಂದೇ ರೀತಿ ಎರಡೆರಡಾದವು. ಕ್ಯಾಷಿಯರರ ಡಬ್ಬಿಯಲ್ಲಿರುವ ಒಂದು ರೂಪಾಯಿಯ ಕಥೆ ಬೇರೆ. ಅದು ಮೊದಲ ಏಟು ತಿಂದ ಮೇಲೆ ಹೊರಬೀಳದೆ, ಅಲ್ಲೇ ಅರ್ಧ ಜರುಗಿ ಇನ್ನೊಂದು ಏಟು ತಿಂದಿದೆ. ಸಿಂಹಗಳ ಬೆನ್ನಿನ ಮೇಲೆ ಇನ್ನೊಂದು ಸಿಂಹದ ಮುಖದ ತುಣುಕು ಹತ್ತಿಕೊಂಡು ಕೂತಿದೆ. ಇಲ್ಲಿ ಅಚ್ಚಿನಲ್ಲಿ ದೋಷವೇ ಇಲ್ಲ. ಎರಡಕ್ಕೂ ‘ಜೋಡಿ ಅಚ್ಚು’ ಎಂದು ಬರೆದರೆ ಮಕ್ಕಳಿಗೆ ಸುಳ್ಳು ಹೇಳಿದಂತೆ.

ದಾರಿ ‘ಅಚ್ಚೊತ್ತು’ ಎಂಬ ಪದದೊಳಗೇ ಇದೆ ಎಂದು ನನಗೆ ತೋರುತ್ತದೆ. ಅಚ್ಚು ಎಂಬುದು ಸಾಧನ, ಒತ್ತು ಎಂಬುದು ಕ್ರಿಯೆ. ಅಂಟಿಕೊಂಡದ್ದನ್ನು ಬಿಡಿಸಿದರೆ ಸಾಕು. ಮೊದಲನೆಯದು ‘ಇಮ್ಮಡಿಸಿದ ಅಚ್ಚು’, ಎರಡನೆಯದು ‘ಮರುಒತ್ತು’. ‘ಎರಡೊತ್ತು’ ಎಂದೂ ಬರೆದು ನೋಡಿದೆ, ಅದು ಊಟದ ಲೆಕ್ಕದಂತೆ ಕೇಳಿಸಿತು. ಒತ್ತಕ್ಷರದ ನೆನಪು ಬಂದೀತು ಎಂಬ ಅಳುಕು ಇದೆ, ಆದರೆ ‘ಮುದ್ರೆ’ ಎಂದರೆ ಮತ್ತೆ ಸಾಧನ ಮತ್ತು ಗುರುತಿನ ಅದೇ ಗೊಂದಲ.

ಇನ್ನೊಂದು ಪದ ಸಂಗ್ರಾಹಕರ ಬಾಯಲ್ಲಿರುವ ‘ಲಾಖಿ’. ಉತ್ತರ ಭಾರತದ ಕಡೆಯಿಂದ ಬಂದದ್ದು, ಇಲ್ಲಿಗೆ ಬರುವಷ್ಟರಲ್ಲಿ ‘ಲಕ್ಕಿ’ ಆಗಿದೆ. ಕೇಳಿದವರು ಅದೃಷ್ಟದ ನಾಣ್ಯ ಎಂದುಕೊಳ್ಳುತ್ತಾರೆ. ನನಗೆ ಮೊದಲು ಲಕ್ಕಿಗಿಡ ನೆನಪಾಯಿತು, ಆಮೇಲೆ ಲಕ್ಕುಂಡಿಯ ಹಳೆಯ ನಾಣ್ಯವಾದ ಲೊಕ್ಕಿ ಗದ್ಯಾಣ. ವಿಷಯ ಇಷ್ಟು: ಒತ್ತಿಸಿಕೊಂಡ ನಾಣ್ಯವೊಂದು ಅಚ್ಚಿಗೇ ಕಚ್ಚಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆ (ಇನ್ನೂ ಒತ್ತದ ಲೋಹದ ತುಂಡು) ಬಂದಾಗ ಅದರ ಒಂದು ಮುಖಕ್ಕೆ ಅಚ್ಚು ತಗಲುತ್ತದೆ, ಇನ್ನೊಂದು ಮುಖಕ್ಕೆ ಕಚ್ಚಿಕೊಂಡ ನಾಣ್ಯ ತಗಲುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಚಿತ್ರ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಮತ್ತು ತಿರುವುಮುರುವು. ಇದಕ್ಕೆ ‘ಕನ್ನಡಿಯೊತ್ತು’ ಎಂದು ಬರೆದಿದ್ದೇನೆ. ಹೊಸದಾಗಿ ಕಟ್ಟಿದ ಪದವಾದರೂ ನಾಣ್ಯವನ್ನು ಕೈಯಲ್ಲಿ ಹಿಡಿದವನಿಗೆ ವಿವರಣೆ ಬೇಕಾಗಲಾರದು.

‘ಬಿರುಕು’ ಇನ್ನೂ ಮೋಸದ ಪದ. ಬಿರುಕು ಬಿಟ್ಟದ್ದು ಅಚ್ಚು. ಲೋಹ ಆ ಸಂದಿಗೆ ನುಗ್ಗುವುದರಿಂದ ನಾಣ್ಯದ ಮೇಲೆ ಮೂಡುವುದು ಉಬ್ಬಿದ ಗೆರೆ. ತಗ್ಗಾದ ಗೆರೆ ಕಂಡರೆ ಅದು ಹೆಚ್ಚಾಗಿ ಯಾರೋ ಗೀರಿದ್ದು. ಚೀಟಿಯಲ್ಲಿ ‘ಅಚ್ಚುಬಿರುಕಿನ ಉಬ್ಬುಗೆರೆ’ ಎಂದು ಉದ್ದವಾಗಿಯೇ ಬರೆದಿದ್ದೇನೆ. ಅಂಚು ಕಚ್ಚಿ ತಿಂದಂತಿರುವ ನಾಣ್ಯಕ್ಕೆ ಪದ ಹುಡುಕುವ ಕಷ್ಟವಾಗಲಿಲ್ಲ. ಕ್ಯಾಷಿಯರರೇ ‘ಕಚ್ಚು ಬಿದ್ದ ಬಿಲ್ಲೆ’ ಎನ್ನುತ್ತಾರೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಮತ್ತೆ ಕತ್ತರಿಸಿದ್ದರಿಂದ ಆದದ್ದು. ಅಸಲಿಯೋ ಅರದಿಂದ ತಿಕ್ಕಿದ್ದೋ ಎಂದು ತಿಳಿಯಲು ಅವರು ಕಚ್ಚಿನ ಕಡೆ ನೋಡುವುದಿಲ್ಲ, ಅದರ ನೇರ ಎದುರಿನ ಅಂಚನ್ನು ಬೆರಳಿನಿಂದ ಸವರುತ್ತಾರೆ. ಬಿಲ್ಲೆಗೆ ಅಂಚು ಕಟ್ಟುವ ಯಂತ್ರದಲ್ಲಿ ಒಂದು ಕಡೆ ಲೋಹ ಇಲ್ಲದಿದ್ದರೆ ಎದುರಿನ ಕಡೆಗೂ ಒತ್ತಡ ಸಿಗದೆ ಅಂಚು ಸೊರಗುತ್ತದೆ.

ಇವೆಲ್ಲಕ್ಕೂ ತಲೆಬರಹ ಏನಿರಬೇಕು? ‘ದೋಷ’ ಎಂದರೆ ಬೆಲೆ ಕಳೆದುಕೊಂಡದ್ದು ಎಂಬ ಧ್ವನಿ ಬರುತ್ತದೆ, ಇಲ್ಲಿ ಬೆಲೆ ಏರುತ್ತದೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯ ತಂದು ಬೆಲೆ ಕೇಳುವವರೂ ಇದ್ದಾರಂತೆ. ಟಂಕಸಾಲೆಯಲ್ಲೇ ಕೆಟ್ಟದ್ದನ್ನೂ ಆಮೇಲೆ ಹೊರಗೆ ಕೆಟ್ಟದ್ದನ್ನೂ ಕ್ಯಾಷಿಯರರು ಎರಡೇ ಮಾತಿನಲ್ಲಿ ವಿಂಗಡಿಸುತ್ತಾರೆ: “ಇದು ಹುಟ್ಟಿದ್ದು, ಅದು ಆದದ್ದು.” ಇದಕ್ಕಿಂತ ಚೆನ್ನಾದ ಪಾರಿಭಾಷಿಕ ಪದ ನನಗೆ ಹೊಳೆದಿಲ್ಲ. ಆದರೂ ಫಲಕಕ್ಕೆ ನಾಮಪದ ಬೇಕು. ‘ಟಂಕದೋಷ’ ಬಿಗಿಯಾಗಿದೆ, ‘ಕಮ್ಮಟದ ತಪ್ಪು’ ನನಗೆ ಇಷ್ಟ. ಟಂಕಸಾಲೆಗೆ ಹಳಗನ್ನಡದಲ್ಲಿ ಕಮ್ಮಟ ಎಂಬ ಪದವಿತ್ತು. ತಮಿಳು, ತೆಲುಗುಗಳಲ್ಲೂ ಅದರ ಬಂಧುಗಳಿವೆ. ಈಗಿನ ಮಕ್ಕಳಿಗೆ ಎರಡೂ ಅಪರಿಚಿತವಾಗಿರುವಾಗ ನಮ್ಮದನ್ನೇ ಪರಿಚಯಿಸಬಹುದಲ್ಲವೇ?

ಒಂದು ಎಚ್ಚರಿಕೆಯ ಚೀಟಿಯನ್ನೂ ಬರೆಯಬೇಕಾಗಿದೆ. ಡಬ್ಬಿಯಲ್ಲಿ ಟಿಪ್ಪುವಿನ ಆನೆಯ ಪೈಸೆಯೊಂದಿದೆ. ಆನೆಯ ಸೊಂಡಿಲು ನಾಣ್ಯದ ಹೊರಗೇ ಉಳಿದಿದೆ. ಕೈಯಿಂದ ಹೊಡೆಯುತ್ತಿದ್ದ ಕಾಲದಲ್ಲಿ ಹೀಗೆ ಜರುಗುವುದು ಸಾಮಾನ್ಯ; ಅದನ್ನು ತಪ್ಪು ಎನ್ನಲಾಗದು. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, 4221 ಎಂದು ಕಂಡರೆ ಅದು 1224. ಇದನ್ನೂ ತಪ್ಪು ನಾಣ್ಯವೆಂದು ಎತ್ತಿಟ್ಟವರಿದ್ದಾರೆ. ಈ ಗುಂಪಿಗೆ ‘ತಪ್ಪಲ್ಲದ ತಪ್ಪುಗಳು’ ಎಂದಿದ್ದೇನೆ, ಸ್ವಲ್ಪ ಆಟವಾಯಿತೇನೋ.

ಕೇಳಬೇಕಾದದ್ದು ಎರಡು. ನಿಮ್ಮ ಕಡೆಯ ಅಕ್ಕಸಾಲಿಗರು ತಾಳಿ, ಪದಕಗಳನ್ನು ಒತ್ತುವ ಅಚ್ಚಿಗೂ ಅದರಿಂದ ಮೂಡಿದ ಗುರುತಿಗೂ ಬೇರೆ ಬೇರೆ ಪದ ಬಳಸುತ್ತಾರೆಯೇ? ‘ಲಾಖಿ’ಗೆ ಕನ್ನಡದ ಮಾರುಕಟ್ಟೆಗಳಲ್ಲಿ ಬೇರೆ ಹೆಸರು ಕೇಳಿದ್ದೀರಾ? ಶುಕ್ರವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ. ಶನಿವಾರ ಬೆಳಗ್ಗೆ ಚೀಟಿಗಳು ಅಚ್ಚಿಗೆ ಹೋಗುತ್ತವೆ, ಈ ಅಚ್ಚು ಮುದ್ರಣಾಲಯದ್ದು.