ಓವನ್‌ನಿಂದ ತೆಗೆದ ಕುಕೀಸ್ ಆರಿಸುವುದು: ಟ್ರೇ ಮೇಲೆ ಎಷ್ಟು ಹೊತ್ತು, ಜಾಲರಿ ಮೇಲೆ ಎಷ್ಟು ಹೊತ್ತು?

ಸಕ್ಕರೆಪಾಕ (ಪ್ರಶ್ನೆ):
ಚಾಕೊಲೇಟ್ ಚಿಪ್ ಕುಕೀಸ್. ಒಂದೊಂದು ಉಂಡೆ 35 ಗ್ರಾಂ, 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ನಿಮಿಷ, ಕಪ್ಪು ಬಣ್ಣದ ಟ್ರೇ, ಕೆಳಗೆ ಬಟರ್ ಪೇಪರ್. ಹೊರಗೆ ತೆಗೆದ ಕೂಡಲೇ ಎತ್ತಿದರೆ ನಡುವೆ ಮುರಿಯುತ್ತವೆ. ಟ್ರೇ ಮೇಲೇ ಪೂರ್ತಿ ಆರಲು ಬಿಟ್ಟರೆ ತಳ ಕಡುಕಂದಾಗಿ ಗಟ್ಟಿಯಾಗುತ್ತದೆ. ತಟ್ಟೆಗೆ ಹಾಕಿ ಆರಿಸಿದರೆ ತಳ ಒದ್ದೆ. ಡಬ್ಬಿಗೆ ತುಂಬಿಟ್ಟರೆ ಮರುದಿನಕ್ಕೆ ಗರಿಗರಿ ಹೋಗಿರುತ್ತದೆ. ಇದು ಸಾಲದು ಎಂಬಂತೆ ಎರಡನೇ ಸರದಿಯವು ಮೊದಲಿನವಕ್ಕಿಂತ ಚಪ್ಪಟೆಯಾಗಿ ಹರಡುತ್ತವೆ. ಬೇಗ ಆರಲಿ ಎಂದು ಫ್ರಿಜ್‌ನಲ್ಲಿ ಇಡಬಹುದೇ?

ಒಲೆಯಂಚು:
ಮೊದಲ ಮೂರಕ್ಕೂ ಮೂಲ ಒಂದೇ: ಓವನ್‌ನಿಂದ ಹೊರಗೆ ಬಂದರೂ ಕುಕಿ ಬೇಯುವುದು ನಿಂತಿರುವುದಿಲ್ಲ. ಆಗ ಅದರೊಳಗಿನ ಸಕ್ಕರೆ ಪಾಕದಂತಿರುತ್ತದೆ, ಬೆಣ್ಣೆ ಪೂರ್ತಿ ಕರಗಿರುತ್ತದೆ. ಆಕಾರ ಹಿಡಿದಿಡಲು ಗಟ್ಟಿಯಾದದ್ದು ಒಳಗೆ ಅಷ್ಟಾಗಿ ಏನೂ ಇರುವುದಿಲ್ಲ, ಅದಕ್ಕೇ ಮುರಿಯುತ್ತದೆ. ಬಿಸಿ ಇಳಿದಂತೆ ಪಾಕ ಬಿಗಿಯುತ್ತದೆ, ಬೆಣ್ಣೆ ಹೆಪ್ಪುಗಟ್ಟುತ್ತದೆ, ಕುಕಿ ಕೈಗೆ ಸಿಗುತ್ತದೆ. ಇತ್ತ ಕಾದ ಟ್ರೇ ಕೆಳಗಿನಿಂದ ಸುಡುತ್ತಲೇ ಇರುತ್ತದೆ.

35 ಗ್ರಾಂ ಉಂಡೆಗೆ ಟ್ರೇ ಮೇಲೆ 4ರಿಂದ 5 ನಿಮಿಷ ಸಾಕು. ಗಡಿಯಾರಕ್ಕಿಂತ ಅಂಚನ್ನು ನಂಬಿ. ತೆಳು ಸಟ್ಟುಗವನ್ನು ಅಂಚಿನಡಿ ತೂರಿಸಿ ಸ್ವಲ್ಪ ಎತ್ತಿ ನೋಡಿ: ಕುಕಿ ಬಾಗದೆ ಒಟ್ಟಿಗೆ ಎದ್ದರೆ ಆಯಿತು, ನಡುಭಾಗ ಜೋತುಬಿದ್ದರೆ ಇನ್ನೊಂದು ನಿಮಿಷ. ಬಟರ್ ಪೇಪರ್ ಇರುವುದರಿಂದ ಒಂದೊಂದಾಗಿ ಎತ್ತುವ ಗೋಜೂ ಬೇಡ. ಟ್ರೇಗೆ ಅಂಚುಕಟ್ಟು ಇಲ್ಲದಿದ್ದರೆ ಹಾಳೆಯನ್ನೇ ಎಳೆದು ಜಾಲರಿ ಮೇಲೆ ಜಾರಿಸಿ. ಹತ್ತು ನಿಮಿಷ ಬಿಟ್ಟು ಹಾಳೆ ತೆಗೆಯಿರಿ, ಇಲ್ಲವಾದರೆ ತಳದ ಹಬೆ ಕಾಗದಕ್ಕೇ ತಾಗಿ ನಿಲ್ಲುತ್ತದೆ.

ತಟ್ಟೆಯಲ್ಲಿ ಆಗುತ್ತಿರುವುದೂ ಇದೇ. ಕುಕಿಯಿಂದ ಹೊರಡುವ ಹಬೆಗೆ ಕೆಳಗೆ ದಾರಿಯಿಲ್ಲ, ತಣ್ಣನೆಯ ತಟ್ಟೆಗೆ ತಾಗಿ ನೀರಾಗುತ್ತದೆ, ಆ ನೀರನ್ನು ಕುಕಿಯೇ ಹೀರುತ್ತದೆ. ಜಾಲರಿ ಇಲ್ಲದಿದ್ದರೆ ಓವನ್‌ನದೇ ಕಂಬಿ ತಟ್ಟೆಯನ್ನು (ಬಿಸಿಯಿಲ್ಲದ್ದು) ನಾಲ್ಕು ಬಟ್ಟಲುಗಳ ಮೇಲೆ ಇಡಿ. ದೊಡ್ಡ ಜರಡಿಯನ್ನು ಬೋರಲು ಹಾಕಿದರೂ ನಡೆಯುತ್ತದೆ. ಕೆಳಗೆ ಗಾಳಿಯಾಡಬೇಕು, ಅಷ್ಟೇ. ಕಂಬಿಗಳ ನಡುವೆ ಅಂತರ ಜಾಸ್ತಿಯಿದ್ದರೆ ಮೆತ್ತನೆ ಕುಕಿಯ ತಳದಲ್ಲಿ ಗೆರೆ ಬೀಳುತ್ತದೆ, ಅಂಥವಕ್ಕೆ ಚೌಕಳಿ ಜಾಲರಿಯೇ ಒಳ್ಳೆಯದು.

ಕಪ್ಪು ಟ್ರೇ ಬಗ್ಗೆ ಒಂದು ಮಾತು. ಅದು ಬಿಸಿಯನ್ನು ಹೆಚ್ಚು ಹೀರಿ ತಳಕ್ಕೆ ದಾಟಿಸುತ್ತದೆ. ಉಷ್ಣತೆಯನ್ನು 10ರಿಂದ 15 ಡಿಗ್ರಿ ಇಳಿಸಿ, ಅಥವಾ ಅಂಚು ಹೊಂಬಣ್ಣಕ್ಕೆ ತಿರುಗಿ ನಡುಭಾಗ ಇನ್ನೂ ಪೇಲವವಾಗಿ, ಹಸಿಯೇನೋ ಎಂಬಂತೆ ಕಾಣುವಾಗಲೇ ಹೊರತೆಗೆಯಿರಿ. ಉಳಿದದ್ದನ್ನು ಟ್ರೇಯ ಬಿಸಿಯೇ ಬೇಯಿಸುತ್ತದೆ. ನಡುಭಾಗವೂ ಗಟ್ಟಿಯಾಗಲಿ ಎಂದು ಒಳಗೇ ಬಿಟ್ಟರೆ ಆರಿದ ಮೇಲೆ ಹಲ್ಲಿಗೆ ಕೆಲಸ.

ಬೆಣ್ಣೆಬೆರಳು:
ಐದು ನಿಮಿಷ ಎಲ್ಲದಕ್ಕೂ ಹೊಂದುವುದಿಲ್ಲ. ದಪ್ಪ, ಒಳಗೆ ಮೆತ್ತಗಿರುವ ಕುಕಿಗೆ 8–10 ನಿಮಿಷವೂ ಬೇಕಾಗಬಹುದು. ತೆಳುವಾಗಿ ಲಟ್ಟಿಸಿ ಅಚ್ಚಿನಿಂದ ಕತ್ತರಿಸಿದವಕ್ಕೆ 2 ನಿಮಿಷ. ಜೇನು ಅಥವಾ ಸಕ್ಕರೆ ಹೆಚ್ಚಿರುವ, ಬಲೆಯಂತೆ ಹರಡುವ ತೆಳು ಕುಕಿಗೆ ಒಂದೇ ನಿಮಿಷದ ಕಿಂಡಿ. ಮೊದಲೇ ಎತ್ತಿದರೆ ಮುದುಡುತ್ತದೆ, ತಡವಾದರೆ ಟ್ರೇಗೆ ಕಚ್ಚಿಕೊಂಡು ಪುಡಿಯಾಗುತ್ತದೆ. ಕಚ್ಚಿಕೊಂಡರೆ ಟ್ರೇಯನ್ನು ಮತ್ತೆ ಓವನ್‌ಗೆ ಒಂದು ನಿಮಿಷ ತಳ್ಳಿ, ಪಾಕ ಸಡಿಲವಾಗಿ ಬಿಟ್ಟುಕೊಳ್ಳುತ್ತದೆ.

ಎರಡನೇ ಸರದಿ ಹರಡುವುದಕ್ಕೆ ಹಿಟ್ಟಿನ ತಪ್ಪಿಲ್ಲ, ಟ್ರೇ ತಪ್ಪು. ಕಾದ ಟ್ರೇ ಮೇಲೆ ಉಂಡೆ ಇಟ್ಟ ಕ್ಷಣದಿಂದ ಬೆಣ್ಣೆ ಕರಗುತ್ತದೆ. ಓವನ್ ಒಳಗೆ ಹೋಗಿ ಹಿಟ್ಟು ಬಿಗಿಯುವ ಮೊದಲೇ ಅಂಚು ಹರಿದಿರುತ್ತದೆ. ಎರಡು ಟ್ರೇ ಇಟ್ಟುಕೊಳ್ಳಿ. ಒಂದೇ ಇದ್ದರೆ ಹಿಂಗೈಗೆ ಬಿಸಿ ತಾಗದಷ್ಟು ಆರಲಿ, ಅಲ್ಲಿಯವರೆಗೆ ಉಂಡೆಗಳು ಫ್ರಿಜ್‌ನಲ್ಲಿರಲಿ. ಓವನ್‌ನಿಂದ ತೆಗೆದ ಟ್ರೇಯನ್ನು ನೇರ ನಲ್ಲಿ ಕೆಳಗೆ ಹಿಡಿಯಬೇಡಿ, ತೆಳು ತಗಡು ಫಟ್ಟೆಂದು ಸೊಟ್ಟಗಾಗುತ್ತದೆ. ಆಮೇಲೆ ಪ್ರತಿ ಸಲವೂ ಹಿಟ್ಟು ಒಂದೇ ಕಡೆಗೆ ಜಾರುತ್ತದೆ.

ಸಕ್ಕರೆಪಾಕ:
ಇಬ್ಬರಿಗೂ ಧನ್ಯವಾದ. ಡಬ್ಬಿ ಮತ್ತು ಫ್ರಿಜ್ ವಿಷಯ ಉಳಿಯಿತು. ಫ್ಯಾನ್ ಕೆಳಗೆ ಇಟ್ಟರೆ?

ಒಲೆಯಂಚು:
ಫ್ರಿಜ್ ಬೇಡ. ಬಿಸಿ ಕುಕಿಯ ಹಬೆ ಒಳಗೇ ಉಳಿಯುತ್ತದೆ, ಹೊರಗೆ ತೆಗೆದಾಗ ತಣ್ಣನೆ ಕುಕಿಯ ಮೇಲೆ ಕೋಣೆಯ ಗಾಳಿಯ ತೇವವೂ ಕೂರುತ್ತದೆ. ಒಣ ಹವೆಯಲ್ಲಾದರೆ ಫ್ಯಾನ್ ನಿಧಾನಕ್ಕೆ ತಿರುಗಲಿ, ತೊಂದರೆಯಿಲ್ಲ.

ಬೆಣ್ಣೆಬೆರಳು:
ಫ್ಯಾನ್ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ತೇವದ ಹವೆಯಿದ್ದರೆ ಹೊಸ ಹೊಸ ತೇವದ ಗಾಳಿಯನ್ನೇ ಅದು ಕುಕಿಯ ಮೇಲೆ ತಂದು ಸುರಿಯುತ್ತದೆ. ಸಕ್ಕರೆ ತೇವ ಎಳೆಯುವ ವಸ್ತು, ಅದರಲ್ಲೂ ಕಂದು ಸಕ್ಕರೆ. ಅಂಥ ದಿನ ಆರುವವರೆಗೆ ಮಾತ್ರ ಹೊರಗಿಡಿ, ರಾತ್ರಿಯಿಡೀ ಬಿಡಬೇಡಿ.

ಡಬ್ಬಿಗೆ ಯಾವಾಗ? ಸಾಧಾರಣ ಕುಕಿಗೆ ಜಾಲರಿ ಮೇಲೆ 30 ನಿಮಿಷ, ದಪ್ಪದವಕ್ಕೆ ಒಂದು ಗಂಟೆ. ಮೇಲ್ಭಾಗ ತಣ್ಣಗಿದ್ದರೂ ನಡುಭಾಗ ಬೆಚ್ಚಗಿರುತ್ತದೆ, ಒಂದನ್ನು ತಿರುಗಿಸಿ ತಳದ ಮಧ್ಯಕ್ಕೆ ಬೆರಳಿಟ್ಟು ನೋಡಿ. ಆರುವಾಗ ಒಂದರ ಮೇಲೊಂದು ಪೇರಿಸಬೇಡಿ. ಡಬ್ಬಿ ಮುಚ್ಚಿದ ಹತ್ತು ನಿಮಿಷಕ್ಕೆ ಮುಚ್ಚಳದೊಳಗೆ ಮಂಜು ಕಂಡರೆ ಕುಕೀಸ್ ಹೊರಗೆ ಹರಡಿ, ಡಬ್ಬಿ ಒರೆಸಿ. ಮೆತ್ತನೆಯವನ್ನೂ ಗರಿಗರಿಯವನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಎರಡನೆಯವು ಮೊದಲನೆಯವುಗಳ ತೇವ ಕುಡಿದು ಕೆಡುತ್ತವೆ.

ಈಗಾಗಲೇ ಮೆತ್ತಗಾದವನ್ನು 150 ಡಿಗ್ರಿಯಲ್ಲಿ 4–5 ನಿಮಿಷ ಬಿಸಿ ಮಾಡಿ, ಜಾಲರಿ ಮೇಲೆ ಪೂರ್ತಿ ಆರಿಸಿ. ಓವನ್‌ನಿಂದ ತೆಗೆದಾಗ ಇನ್ನೂ ಮೆತ್ತಗೇ ಇರುತ್ತವೆ, ಗರಿಗರಿ ಬರುವುದು ಆರಿದ ಮೇಲೆ.