ಪ್ರಶ್ನೋತ್ತರ: ಸ್ತನ ಕ್ಯಾನ್ಸರ್ ಮತ್ತು ರೋಗನಿರೋಧಕ ಕೋಶಗಳು

ಮೈಸೂರಿನ ಸದಸ್ಯೆ: ಡಾಕ್ಟರೇ, ನಮಸ್ಕಾರ. ನನ್ನ ಅಕ್ಕನ ಬಯಾಪ್ಸಿ ವರದಿಯಲ್ಲಿ ‘ಟ್ರಿಪಲ್ ನೆಗೆಟಿವ್, ಟಿಐಎಲ್ ಶೇ. 60’ ಎಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ ದಯವಿಟ್ಟು ತಿಳಿಸಿ.

ವೈದ್ಯೆ: ಟಿಐಎಲ್ ಎಂದರೆ ಗಡ್ಡೆಯೊಳಗೆ ನುಗ್ಗಿರುವ, ರೋಗದೊಂದಿಗೆ ಹೋರಾಡುವ ಬಿಳಿರಕ್ತಕಣಗಳಾದ ಲಿಂಫೋಸೈಟ್‌ಗಳ ಪ್ರಮಾಣ, ಟ್ರಿಪಲ್ ನೆಗೆಟಿವ್ ಕ್ಯಾನ್ಸರಿನಲ್ಲಿ (ಎರಡು ಹಾರ್ಮೋನ್ ಗ್ರಾಹಕಗಳೂ ಹರ್2 ಪ್ರೋಟೀನೂ ಇಲ್ಲದ ಬಗೆ) ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ಒಳ್ಳೆಯದು. ಅವುಗಳಲ್ಲಿನ ಸಿಡಿ8 ಟಿ-ಕೋಶಗಳು ಪರ್ಫೊರಿನ್ ಎಂಬ ಪ್ರೋಟೀನಿನಿಂದ ಕ್ಯಾನ್ಸರ್ ಕೋಶದ ಪೊರೆಯನ್ನು ತೂತು ಮಾಡಿ, ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಸೇರಿಸಿ ಅದನ್ನು ಕೊಲ್ಲುತ್ತವೆ. ಅವು ಸ್ರವಿಸುವ ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನು, ಸಾಯದೆ ಉಳಿದ ಕೋಶಗಳ ವಿಭಜನೆಯನ್ನೂ ನಿಧಾನಗೊಳಿಸಬಲ್ಲದು. ಕ್ಯಾನ್ಸರ್ ಕೋಶವು ಪಿಡಿ-ಎಲ್1 ಪ್ರೋಟೀನಿನಿಂದ ಟಿ-ಕೋಶವನ್ನು ತಡೆಯುತ್ತದೆ. ಪೆಂಬ್ರೊಲಿಜುಮ್ಯಾಬ್ ಇಂಜೆಕ್ಷನ್ ಆ ತಡೆಯನ್ನು ತೆಗೆಯುತ್ತದೆ.

ಹಾಸನದ ಸದಸ್ಯ: ಲಕ್ಷ್ಮಣಫಲದ ಎಲೆಯ ಕಷಾಯವು ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿಯೆಂಬ ಸಂದೇಶ ಬಂದಿದೆ.

ವೈದ್ಯೆ: ಅದು ವರ್ಷಗಳಿಂದ ಸುತ್ತುತ್ತಿರುವ ಫಾರ್ವರ್ಡ್. ಪ್ರಯೋಗಾಲಯದ ತಟ್ಟೆಯಲ್ಲಿ ಕೋಶ ಸತ್ತ ಮಾತ್ರಕ್ಕೆ ರೋಗಿ ಗುಣವಾಗುವುದಿಲ್ಲ. ಕುಡಿಸಬೇಡಿ.

ದಾವಣಗೆರೆಯ ಸದಸ್ಯೆ: ಅಮ್ಮನಿಗೆ ಕೀಮೋ ಜೊತೆ ಪೆಂಬ್ರೊಲಿಜುಮ್ಯಾಬ್ ನಡೆಯುತ್ತಿದೆ. ವಾರದಿಂದ ಏಳಲಾರದ ಸುಸ್ತು, ವಾಂತಿ. ಎದ್ದು ನಿಂತರೆ ಕಣ್ಣು ಕತ್ತಲೆ. ಇಂದು ಬಿಪಿ 86/54. ಕೀಮೋ ಸುಸ್ತೆಂದುಕೊಂಡು ಎಳನೀರು, ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ.

ವೈದ್ಯೆ: ಈಗಲೇ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ, ನಾಳೆಯ ಓಪಿಡಿಗೆ ಕಾಯಬೇಡಿ. ತಡೆ ತೆಗೆದ ಟಿ-ಕೋಶಗಳು ಕೆಲವರಲ್ಲಿ ಸ್ವಂತ ಅಂಗಗಳ ಮೇಲೆಯೇ ತಿರುಗಿಬೀಳುತ್ತವೆ. ಪಿಟ್ಯುಟರಿ ಅಥವಾ ಅಡ್ರಿನಲ್ ಗ್ರಂಥಿಗೆ ಪೆಟ್ಟಾಗಿ, ಬಿಪಿ ಕಾಪಾಡುವ ಕಾರ್ಟಿಸಾಲ್ ಹಾರ್ಮೋನ್ ಕುಸಿದರೆ ನೀವು ಹೇಳಿದ ಲಕ್ಷಣಗಳೇ ಕಾಣುತ್ತವೆ; ಕೀಮೋದಿಂದ ಬಿಳಿರಕ್ತಕಣ ಇಳಿದು ಸೋಂಕು ತಗುಲಿದ್ದರೂ ಹೀಗಾಗಬಹುದು. ಎರಡೂ ಪ್ರಾಣಾಪಾಯಕರ. ‘ಕೀಮೋ ರೋಗಿ’ ಎಂದಷ್ಟೇ ಹೇಳದೆ ಇಂಜೆಕ್ಷನ್ನಿನ ಹೆಸರು ಹೇಳಿ, ಕಾರ್ಟಿಸಾಲ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ರಕ್ತಕಣಗಳ ಪರೀಕ್ಷೆ ಕೇಳಿ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಕಾರ್ಟಿಸಾಲ್‌ಗೆ ಬದಲಿಯಾಗಿ ಹೈಡ್ರೋಕಾರ್ಟಿಸೋನ್ ಕೊಡುತ್ತಾರೆ. ಅಡ್ರಿನಲ್ ಕೆಟ್ಟಿದ್ದರೆ ಪೊಟ್ಯಾಸಿಯಂ ಏರಿರಬಹುದು, ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚು, ಆದ್ದರಿಂದ ಅದನ್ನು ನಿಲ್ಲಿಸಿ. ಕಷಾಯವನ್ನೂ ನಿಲ್ಲಿಸಿ: ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಹಾಸನದ ಸದಸ್ಯ: ನಮ್ಮ ಅಜ್ಜಿ ಜೀವಮಾನವಿಡೀ ಅಮೃತಬಳ್ಳಿ ಕುಡಿದರು. ಇಂಗ್ಲಿಷ್ ಔಷಧದವರಿಗೆ ನಮ್ಮದೆಲ್ಲವೂ ವಿಷವೇ.

ಶಿವಮೊಗ್ಗದ ಸದಸ್ಯ: ನಾನು ಆಯುರ್ವೇದ ಓದಿದವನು. ಈ ಸ್ಥಿತಿಯಲ್ಲಿ ನಾನೂ ಕೊಡುವುದಿಲ್ಲ. ನಿಮ್ಮ ಅಜ್ಜಿ ಈ ಇಂಜೆಕ್ಷನ್ ತೆಗೆದುಕೊಂಡಿದ್ದರೇ?

ಹಾಸನದ ಸದಸ್ಯ: ನಿಮ್ಮನ್ನು ಯಾರೂ ಕೇಳಲಿಲ್ಲ.

ತುಮಕೂರಿನ ಸದಸ್ಯ: ಈ ಇಂಜೆಕ್ಷನ್ ಆಯುಷ್ಮಾನ್ ಕಾರ್ಡಿನಲ್ಲಿ ಸಿಗುತ್ತದೆಯೇ?

ಉಡುಪಿಯ ಸದಸ್ಯೆ: ಮೇಡಂ, ರೋಗನಿರೋಧಕ ಶಕ್ತಿಗೆ ಪಪ್ಪಾಯಿ ಎಲೆಯ ರಸ ಕೊಡಬಹುದೇ?

ವೈದ್ಯೆ: ಬೇಡ. ಮೇಲಿನದನ್ನು ಓದಿ ಕೇಳಿ. ದಾವಣಗೆರೆಯವರೇ, ಹೊರಟಿರಾ?

ದಾವಣಗೆರೆಯ ಸದಸ್ಯೆ: ಆಟೊ ಬಂದಿದೆ ಮೇಡಂ. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿರಬೇಕೇ?

ವೈದ್ಯೆ: ಬೇಕಿಲ್ಲ. ಹೊರಡಿ.