ಹಳೇ ಬುಲೆಟ್ ಓಡುತ್ತಾ ಓಡುತ್ತಾ ಕರೆಂಟ್ ಪೂರ್ತಿ ಹೋಗುತ್ತಿದೆ, ಎಲ್ಲಿಂದ ಹುಡುಕಲಿ?

ಪ್ರಶ್ನೆ, ತೀರ್ಥಹಳ್ಳಿಯಿಂದ:
ನನ್ನ ಹತ್ತಿರ 1994ರ ಬುಲೆಟ್ 350 ಇದೆ. ಕಾಸ್ಟ್ ಐರನ್ ಎಂಜಿನ್, ಪಾಯಿಂಟ್ (ಕಿಡಿಗೆ ಕರೆಂಟ್ ಕಡಿದು ಕೊಡುವ ಸ್ವಿಚ್) ಇರುವ ಗಾಡಿ, 12 ವೋಲ್ಟ್. ಅಪ್ಪ ಓಡಿಸುತ್ತಿದ್ದದ್ದು, ಮಾರುವ ಮಾತೇ ಇಲ್ಲ. ಮಳೆ ಹಿಡಿದಾಗಿನಿಂದ ದಾರಿ ಮಧ್ಯೆ ಸತ್ತು ಹೋಗುತ್ತದೆ. ಹಾರ್ನ್ ಇಲ್ಲ, ಬ್ರೇಕ್ ಲೈಟ್ ಇಲ್ಲ, ಎಂಜಿನ್ ಕೂಡ ಬಂದ್. ಹ್ಯಾಂಡಲ್ ಅಲ್ಲಾಡಿಸಿದರೆ ಒಮ್ಮೊಮ್ಮೆ ತಾನಾಗಿ ಬರುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ. ಬ್ಯಾಟರಿಗೆ ಮೀಟರ್ ಇಟ್ಟರೆ 12.6 ತೋರಿಸುತ್ತದೆ. ವೈರಿಂಗ್ ಪೂರ್ತಿ ಬದಲಾಯಿಸಿ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅನುಭವ ಇರುವವರು ದಾರಿ ತೋರಿಸಿ.

ಮೈಸೂರಿನಿಂದ:
ಸರ್, ವೈರಿಂಗ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಹಾರ್ನ್, ಲೈಟ್, ಎಂಜಿನ್ ಮೂರೂ ಒಟ್ಟಿಗೆ ಹೋಗುತ್ತವೆ, ಒಟ್ಟಿಗೆ ಬರುತ್ತವೆ. ಅಂದಮೇಲೆ ತೊಂದರೆ ಹಾರ್ನ್‌ನಲ್ಲೂ ಇಲ್ಲ, ಪಾಯಿಂಟ್‌ನಲ್ಲೂ ಇಲ್ಲ. ಮೂರಕ್ಕೂ ಕರೆಂಟ್ ಹೋಗುವ ಒಂದೇ ದಾರಿಯಲ್ಲಿದೆ. ಆ ದಾರಿ ಚಿಕ್ಕದು: ಬ್ಯಾಟರಿ, ಫ್ಯೂಸ್, ಆಮ್ಮೀಟರ್ (ಕರೆಂಟ್ ಎಷ್ಟು ಹರಿಯುತ್ತಿದೆ ಅಂತ ಮುಳ್ಳಿನಲ್ಲಿ ತೋರಿಸುವ ಮೀಟರ್), ಕೀ ಸ್ವಿಚ್. ವಾಪಸ್ ಬರುವ ಕಡೆ ಅರ್ತ್, ಅಂದರೆ ಗಾಡಿಯ ಬಾಡಿಯ ಮೂಲಕ ಬ್ಯಾಟರಿ ಮೈನಸ್‌ಗೆ ಸೇರುವ ದಾರಿ. ನಿಮ್ಮದು ಬ್ಯಾಟರಿ ಕರೆಂಟ್‌ನಿಂದ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವ ಭಾಗ) ಓಡುವ ಗಾಡಿ, ಹಾಗಾಗಿ ಈ ದಾರಿ ಕಡಿದರೆ ಎಂಜಿನ್ ಕೂಡ ನಿಲ್ಲುತ್ತದೆ.

ಮೀಟರ್ 12.6 ತೋರಿಸಿತು ಅಂತ ನಂಬಬೇಡಿ. ವೈರಿನ ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12.6 ಅನ್ನುತ್ತದೆ. ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಭಾರ ಬಿದ್ದಾಗಲೇ ಬಣ್ಣ ಬಯಲಾಗುವುದು. ಅದಕ್ಕೆ ನಾನು ಮೀಟರ್ ಆಮೇಲೆ ಹಿಡಿಯುತ್ತೇನೆ, ಮೊದಲು ಬಲ್ಬ್. ಇಂಡಿಕೇಟರ್‌ನ 12 ವೋಲ್ಟ್ 21 ವ್ಯಾಟ್ ಬಲ್ಬ್ ಒಂದನ್ನು ಹೋಲ್ಡರ್‌ಗೆ ಹಾಕಿ ಎರಡು ಉದ್ದ ವೈರ್ ಬಿಡಿ. ಅದು ಹತ್ತಿರ ಹತ್ತಿರ 1.75 ಆಂಪ್ಸ್ ಎಳೆಯುತ್ತದೆ. ಒಂದು ವೈರ್ ಬ್ಯಾಟರಿ ಮೈನಸ್‌ಗೆ ಕಟ್ಟಿ. ಇನ್ನೊಂದನ್ನು ಬ್ಯಾಟರಿ ಪ್ಲಸ್‌ಗೆ ಮುಟ್ಟಿಸಿ, ಆಮೇಲೆ ಫ್ಯೂಸಿನ ಆಚೆ ಬದಿ, ಆಮ್ಮೀಟರ್‌ನ ಎರಡು ಬದಿ, ಕೀ ಸ್ವಿಚ್‌ನ ಒಳಕ್ಕೆ ಹೋಗುವ ವೈರ್, ಹೊರಕ್ಕೆ ಬರುವ ವೈರ್, ಹೀಗೆ ಮುಂದಕ್ಕೆ ಹೋಗಿ. ಎಲ್ಲಿ ಬೆಳಕು ಮಂಕಾಯಿತೋ ಅದಕ್ಕೂ ಹಿಂದಿನ ಜಾಗಕ್ಕೂ ಮಧ್ಯೆ ಕಳ್ಳ ಇದ್ದಾನೆ.

ಫ್ಯೂಸ್ ಗಾಜಿನದಾಗಿದ್ದರೆ ಕಣ್ಣಲ್ಲಿ ನೋಡಿ ಸರಿಯಿದೆ ಅನ್ನಬೇಡಿ. ತುದಿಯ ಟೊಪ್ಪಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಗಾಜಿನ ಮೇಲೆ ಅದು ಸುತ್ತಿದರೆ ಒಳಗಿನ ಬೆಸುಗೆ ಬಿಟ್ಟಿದೆ. ತಂತಿ ನೆಟ್ಟಗೆ ಕಂಡರೂ ಗುಂಡಿಗೆ ಬಿದ್ದಾಗ ಕರೆಂಟ್ ಹೋಗುತ್ತದೆ. ಫ್ಯೂಸ್ ಹೋಲ್ಡರ್‌ನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ ಉಪ್ಪುಕಾಗದದಲ್ಲಿ ತಿಕ್ಕಿ. ಮಲೆನಾಡಿನ ಮಳೆಯಲ್ಲಿ ಇದು ಬಂದೇ ಬರುತ್ತದೆ.

ಆದರೂ ನನ್ನ ಅನುಮಾನ ಆಮ್ಮೀಟರ್ ಮೇಲೆ. ಬುಲೆಟ್‌ನಲ್ಲಿ ಬ್ಯಾಟರಿಯ ಕರೆಂಟ್ ಅದರ ಮೂಲಕವೇ ಹಾಯಬೇಕು. ಹಿಂದೆ ಎರಡು ಬೋಲ್ಟ್, ಎರಡು ನಟ್, ಅಷ್ಟೇ. ಇಷ್ಟು ವರ್ಷದ ವೈಬ್ರೇಷನ್‌ಗೆ ನಟ್ ಸಡಿಲವಾಗುತ್ತದೆ, ಕಿಡಿ ಹಾರಿ ಹಾರಿ ರಿಂಗ್ ಟರ್ಮಿನಲ್ ಕಪ್ಪಾಗುತ್ತದೆ. ಹೆಡ್‌ಲೈಟ್ ಬಿಚ್ಚಿದರೆ ಕೈಗೆ ಸಿಗುತ್ತದೆ. ವೈರ್ ಬುಡದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಸ್ಪ್ಯಾನರ್ ಹಾಕುವ ಮೊದಲು ಬ್ಯಾಟರಿ ಮೈನಸ್ ಬಿಚ್ಚಿಡಿ. ಅಲ್ಲಿ ಜಾಗ ಇಕ್ಕಟ್ಟು, ಸ್ಪ್ಯಾನರ್ ಬಾಡಿಗೆ ತಗುಲಿದರೆ ಶಾರ್ಟ್.

ಹುಬ್ಬಳ್ಳಿಯಿಂದ:
ಮ್ಯಾಗಿನವರು ಹೇಳಿದ್ದು ಖರೆ ಅದ. ಅರ್ತ್ ಬಗ್ಗೆ ನಾನೊಂದು ಮಾತು ಸೇರಿಸುತ್ತೇನೆ. ನನ್ನದು ಯಮಹಾ ಆರ್‌ಎಕ್ಸ್ 100. ಅದು ಸಿಡಿಐ ಗಾಡಿ, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಡಿ, ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತದೆ. ಹಾಗಾಗಿ ಲಕ್ಷಣ ಬೇರೆ ಇತ್ತು: ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಿತ್ತು, ಹಾರ್ನ್ ಗೊರ ಗೊರ ಅನ್ನುತ್ತಿತ್ತು. ಒಂದನ್ನು ಒತ್ತಿದರೆ ಇನ್ನೊಂದು ಉರಿಯುತ್ತಿದೆ ಅಂದರೆ ಮೊದಲು ಅರ್ತ್ ನೋಡಿ. ಕರೆಂಟ್ ವಾಪಸ್ ಹೋಗಲು ಅಡ್ಡದಾರಿ ಹಿಡಿದಿರುತ್ತದೆ. ಚಾಸಿಸ್‌ಗೆ ಹೊಸ ಪೇಂಟ್ ಹೊಡೆಸಿದ್ದರಿಂದ ಅರ್ತ್ ಬೋಲ್ಟ್ ಪೇಂಟ್ ಮೇಲೆ ಕೂತಿತ್ತು. ಬುಡ ಕೆರೆದು, ಹಲ್ಲಿನ ವಾಷರ್ ಹಾಕಿದ ಮೇಲೆ ಎಲ್ಲ ಸರಿ. ಅಣ್ಣ, ನೀವು ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬಾಡಿಗೆ ಒಂದು ದಪ್ಪ ವೈರ್ ನೇರವಾಗಿ ಕೊಟ್ಟುಬಿಡಿ. ಹಳೇ ಗಾಡಿಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯಿತು. ಒಂದು ವಿಷಯ ಬಿಟ್ಟಿದ್ದೆ. ಹೋದ ವಾರ ಫ್ಯೂಸ್ ಸುಟ್ಟು ಹೋಗಿತ್ತು. ದಾರಿಯಲ್ಲಿ ಒಬ್ಬರು ಅಲ್ಲಿಗೆ ತಾಮ್ರದ ತಂತಿ ಸುತ್ತಿ ಕೊಟ್ಟರು, ಈಗಲೂ ಅದೇ ಇದೆ. ಪರವಾಗಿಲ್ಲವಾ?

ಮೈಸೂರಿನಿಂದ:
ಇವತ್ತೇ ತೆಗೆಯಿರಿ ಸರ್, ಗಾಡಿ ಮುಟ್ಟುವ ಮೊದಲು. ಶಾರ್ಟ್ ಆದರೆ ತಂತಿ ಉಳಿಯುತ್ತದೆ, ವೈರಿಂಗ್ ಹೊತ್ತಿಕೊಳ್ಳುತ್ತದೆ. ಅದು ಹೋಗುವುದು ಪೆಟ್ರೋಲ್ ಟ್ಯಾಂಕ್ ಕೆಳಗೇ ಅಲ್ವಾ?

ಫ್ಯೂಸ್ ಯಾಕೆ ಸುಟ್ಟಿತು ಅಂತ ತಿಳಿಯಲು ಅದೇ ಬಲ್ಬನ್ನು ಫ್ಯೂಸ್ ಜಾಗಕ್ಕೆ ಹಾಕಿ. ಕೀ ಆಫ್ ಇದ್ದಾಗಲೂ ಬಲ್ಬ್ ಜೋರಾಗಿ ಉರಿದರೆ ಎಲ್ಲೋ ವೈರ್ ಬಾಡಿಗೆ ತಗುಲಿದೆ. ಬಲ್ಬ್ ಮಧ್ಯೆ ಇರುವುದರಿಂದ ಏನೂ ಸುಡುವುದಿಲ್ಲ, ಸಮಾಧಾನವಾಗಿ ಹುಡುಕಬಹುದು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಬೆಳಕು ಬದಲಾದರೆ ಹ್ಯಾಂಡಲ್ ಬುಡದಲ್ಲಿ ವೈರ್ ಉಜ್ಜಿ ಸವೆದಿದೆ. ನಮ್ಮ ಮನೆಯ ಯೆಜ್ಡಿಯಲ್ಲೂ ಅಲ್ಲೇ ಸಿಕ್ಕಿದ್ದು. ಇದೇ ಊರಲ್ಲಿ ತಯಾರಾದ ಗಾಡಿ ಅದು. 1996ರಲ್ಲಿ ಫ್ಯಾಕ್ಟರಿ ನಿಂತ ಮೇಲೆ ಅದನ್ನು ನಾವೇ ಸಾಕಬೇಕು.

ದುಬೈನಿಂದ (ಊರು ಪುತ್ತೂರು):
ವೈರಿಂಗ್ ಬದಲಾಯಿಸಲೇಬೇಡಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದು ವೈರನ್ನು ಬಗ್ಗಿಸಿ ನೋಡಿ. ಮೇಲಿನ ಪ್ಲಾಸ್ಟಿಕ್ ಚಟಚಟ ಒಡೆದರೆ, ಸುಲಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ, ತೇಪೆ ಹಾಕುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ಮೆಕ್ಯಾನಿಕ್ ಹೇಳಿದ್ದು ಆಗ ಸರಿ.

ಎಲ್ಲ ರಿಪೇರಿ ಆದ ಮೇಲೆ ಚಾರ್ಜಿಂಗ್ ನೋಡಿ. ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಹೊಸ ಬ್ಯಾಟರಿಯ ನೀರು ಕುದಿಸಿ ಹಾಳು ಮಾಡುತ್ತದೆ. ಗಾಡಿ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ಪರೀಕ್ಷಿಸಲು ಯಾರಿಗೂ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಬಲ್ಬು, ರೆಗ್ಯುಲೇಟರ್ ಎರಡೂ ಹೋಗಬಹುದು.

ಪ್ರಶ್ನೆ ಕೇಳಿದವರು:
ಸರಿಯಾದ ಫ್ಯೂಸ್ ಹಾಕಿ ನೋಡಿದೆ. ಆಮ್ಮೀಟರ್‌ಗೆ ಬರುವ ವೈರ್‌ನಲ್ಲಿ ಬಲ್ಬ್ ಚೆನ್ನಾಗಿ ಉರಿಯುತ್ತದೆ, ಆಚೆ ಬದಿ ಬರೀ ಕೆಂಪಗೆ. ನಟ್ ಬೆರಳಲ್ಲೇ ತಿರುಗಿತು. ಬಿಗಿ ಮಾಡಿದರೂ ಬೋಲ್ಟೇ ಒಳಗೆ ಅಲ್ಲಾಡುತ್ತಿದೆ. ಇಲ್ಲಿ ಹೊಸದು ಸಿಗುತ್ತಿಲ್ಲ. ಅಲ್ಲಿಯವರೆಗೆ ಗಾಡಿ ನಿಲ್ಲಿಸಬೇಕಾ?

ಮೈಸೂರಿನಿಂದ:
ಬೇಡ ಸರ್. ಬ್ಯಾಟರಿ ಮೈನಸ್ ಬಿಚ್ಚಿ. ಆಮ್ಮೀಟರ್‌ನ ಎರಡೂ ಬದಿಯ ವೈರ್‌ಗಳನ್ನು ತೆಗೆದು, ರಿಂಗ್‌ಗಳನ್ನು ತಿಕ್ಕಿ, ಒಂದೇ ಸಣ್ಣ ಬೋಲ್ಟಿಗೆ ಸೇರಿಸಿ ನಟ್ ಬಿಗಿ ಮಾಡಿ. ಮೇಲೆ ಸ್ಲೀವ್ ಹಾಕಿ ಟೇಪ್ ಸುತ್ತಿ, ಬಾಡಿಗೆ ತಾಗದ ಹಾಗೆ ಕಟ್ಟಿ. ಮುಳ್ಳು ಆಡುವುದಿಲ್ಲ, ಅಷ್ಟೇ. ಚಾರ್ಜಿಂಗ್ ಎಂದಿನಂತೆ ಆಗುತ್ತದೆ. ಹೊಸ ಆಮ್ಮೀಟರ್ ಬಂದಾಗ ಸ್ಪ್ರಿಂಗ್ ವಾಷರ್ ಸಮೇತ ಹಾಕಿ.